ಹದಿನೈದು ಖರಕರ್ಮಗಳ ಆಚೆಗೆ: ತಂಬಾಕು ಮಾರಾಟ ನಿಷೇಧದ ಇತಿಹಾಸ

ಪಂಡಿತ ಆಶಾಧರರು ಕ್ರಿ.ಶ. 13ನೆಯ ಶತಮಾನದಲ್ಲಿ ಮಾಳವ ದೇಶದ ನಲಕಚ್ಛಪುರದಲ್ಲಿ ನೆಲೆಸಿ ‘ಸಾಗಾರಧರ್ಮಾಮೃತ’ವನ್ನು ರಚಿಸಿದರು. ಗೃಹಸ್ಥನ ಆಚಾರವನ್ನು ವಿವರಿಸುವ ಗ್ರಂಥಗಳಲ್ಲಿ ಇದಕ್ಕೆ ಇಂದಿಗೂ ಮಾನ್ಯವಾದ ಸ್ಥಾನವಿದೆ. ಭೋಗೋಪಭೋಗ ಪರಿಮಾಣವ್ರತವನ್ನು ನಿರೂಪಿಸುವ ಸಂದರ್ಭದಲ್ಲಿ ಅವರು ಶ್ರಾವಕನು ಕೈಗೊಳ್ಳಬಾರದ ಹದಿನೈದು ಕ್ರೂರ ಜೀವಿಕೆಗಳನ್ನು, ಅಂದರೆ ಖರಕರ್ಮಗಳನ್ನು, ಎಣಿಸುತ್ತಾರೆ. ಕಾಡು ಕಡಿದು ಮಾರುವುದು, ಕೆರೆಯನ್ನು ಬತ್ತಿಸುವುದು, ಕಾಡಿಗೆ ಬೆಂಕಿಯಿಡುವುದು, ದಂತ, ಅರಗು, ರಸಗಳ ವ್ಯಾಪಾರ ಮೊದಲಾದವುಗಳ ಜೊತೆಗೆ ವಿಷವಾಣಿಜ್ಯವೂ ಆ ಪಟ್ಟಿಯಲ್ಲಿದೆ. ಅವರಿಗಿಂತ ಒಂದು ಶತಮಾನದಷ್ಟು ಹಿಂದೆ ಗುಜರಾತಿನ ಹೇಮಚಂದ್ರಾಚಾರ್ಯರು ‘ಯೋಗಶಾಸ್ತ್ರ’ದಲ್ಲಿ ಇದೇ ಬಗೆಯ ಪಟ್ಟಿಯನ್ನು ಕೊಟ್ಟಿದ್ದರು. ಆದರೆ ಆಶಾಧರರು ಪಟ್ಟಿಯನ್ನು ಕೊಟ್ಟು ಸುಮ್ಮನಾಗಲಿಲ್ಲ. ಕೆಲವರು ಹೀಗೆ ಹದಿನೈದೆಂದು ಎಣಿಸುತ್ತಾರೆ, ಅದು ಅಷ್ಟು ಸಮಂಜಸವಲ್ಲ. ಲೋಕದಲ್ಲಿ ಪಾಪಯುಕ್ತವಾದ ಕಸುಬುಗಳು ಎಣಿಕೆಗೆ ಸಿಗುವಂಥವಲ್ಲ. ಅತಿ ಮಂದಬುದ್ಧಿಯವರಿಗೆ ತಿಳಿಸಬೇಕಾದಾಗ ಬೇಕಿದ್ದರೆ ಪಟ್ಟಿಯನ್ನು ಹೇಳಬಹುದು ಎಂಬ ಅಭಿಪ್ರಾಯವನ್ನು ಅಲ್ಲಿಯೇ ಸೇರಿಸಿದರು.

ಸ್ವಾಧ್ಯಾಯದಲ್ಲಿ ಈ ಶ್ಲೋಕದ ಮೇಲೆ ಹೆಚ್ಚು ಹೊತ್ತು ನಿಲ್ಲುವವರು ವಿರಳ. ಆದರೆ ತಂಬಾಕಿನ ಮಾರಾಟವನ್ನು ನಿಷೇಧಿಸಲು ನಾಲ್ಕು ನೂರು ವರ್ಷಗಳಿಂದ ನಡೆದುಬಂದ ಪ್ರಯತ್ನಗಳನ್ನು ಒಟ್ಟಾಗಿ ನೋಡಿದಾಗ ಆಶಾಧರರ ಈ ಮಾತು ಎಷ್ಟು ದೂರದೃಷ್ಟಿಯದೆಂಬುದು ಮನವರಿಕೆಯಾಗುತ್ತದೆ. ರಾಜರೂ, ಸರ್ಕಾರಗಳೂ, ನಗರಸಭೆಗಳೂ ಪಟ್ಟಿಗಳನ್ನು ಬರೆಯುತ್ತಲೇ ಬಂದಿವೆ. ಸರಕು ಪಟ್ಟಿಯಿಂದ ಹೊರಗೆ ನುಸುಳುತ್ತಲೇ ಬಂದಿದೆ.

ಸಪ್ತವ್ಯಸನಗಳಲ್ಲಿ ತಂಬಾಕಿನ ಹೆಸರಿಲ್ಲ. ಜೂಜು, ಮಾಂಸ, ಮದ್ಯ, ವೇಶ್ಯಾಗಮನ, ಬೇಟೆ, ಕಳವು, ಪರಸ್ತ್ರೀಗಮನ ಇವೇ ಏಳು. ಇದನ್ನೇ ಆಧಾರವಾಗಿ ಹಿಡಿದು ‘ಶಾಸ್ತ್ರದಲ್ಲಿ ಎಲ್ಲಿಯೂ ಬೇಡವೆಂದಿಲ್ಲ’ ಎನ್ನುವ ವಾದ ಸಮಾಜದಲ್ಲಿ ಕೇಳಿಬರುವುದುಂಟು. ಪೂರ್ವಾಚಾರ್ಯರು ಹೆಸರಿಸದಿರುವುದಕ್ಕೆ ಕಾರಣ ಸರಳ: ಆ ಗಿಡವೇ ಆಗ ಈ ಭೂಭಾಗದಲ್ಲಿರಲಿಲ್ಲ. ಅಮೆರಿಕ ಖಂಡದ ಈ ಸೊಪ್ಪು ಪೋರ್ಚುಗೀಸರ ಹಡಗುಗಳಲ್ಲಿ ಪಶ್ಚಿಮ ಕರಾವಳಿಗೆ ಬಂದು ದಖ್ಖನಿಗೆ ಏರಿತು. ಉತ್ತರ ಭಾರತದ ಅರಮನೆಗೆ ಅದು ಮೊದಲು ತಲುಪಿದ್ದು ಕನ್ನಡ ನಾಡಿನ ಒಂದು ಪಟ್ಟಣದಿಂದ ಎಂಬುದು ಅನೇಕರಿಗೆ ತಿಳಿಯದು. ಎರಡನೆಯ ಇಬ್ರಾಹಿಂ ಆದಿಲಶಾಹನ ಕಾಲದಲ್ಲಿ, 1604ರ ಸುಮಾರಿಗೆ, ಅಕ್ಬರನ ದೂತನಾಗಿ ಬಿಜಾಪುರಕ್ಕೆ ಬಂದಿದ್ದ ಅಸದ್ ಬೇಗ್ ಎಂಬಾತನು ಅಲ್ಲಿ ಪ್ರಥಮ ಬಾರಿಗೆ ತಂಬಾಕನ್ನು ಕಂಡನು. ಆತನು ಹಿಂದಿರುಗುವಾಗ ರತ್ನಖಚಿತವಾದ ಒಂದು ನಳಿಗೆಯೊಡನೆ ಸಾಕಷ್ಟು ಸೊಪ್ಪನ್ನೂ ಆಗ್ರಾಕ್ಕೆ ಒಯ್ದು ಬಾದಶಹನ ಮುಂದಿಟ್ಟನು. ಇದರ ವೃತ್ತಾಂತವನ್ನು ಅವನೇ ಬರೆದಿಟ್ಟಿದ್ದಾನೆ.

ಆ ವೃತ್ತಾಂತದಲ್ಲಿ ಎರಡು ಸಂಗತಿಗಳು ಗಮನಾರ್ಹ. ಮೊದಲನೆಯದು, ಆಸ್ಥಾನದ ವೈದ್ಯರ ಆಕ್ಷೇಪ. ಇದು ನಮ್ಮ ವೈದ್ಯಗ್ರಂಥಗಳಲ್ಲಿ ಎಲ್ಲಿಯೂ ಉಕ್ತವಾಗಿಲ್ಲ, ಪರೀಕ್ಷೆಗೆ ಒಳಗಾಗಿಲ್ಲ, ಆದ್ದರಿಂದ ಬಾದಶಹರು ಸೇವಿಸಬಾರದೆಂಬುದು ಅವರ ಮಾತು. ಅಸದ್ ಬೇಗನಾದರೋ, ಲೋಕದ ಯಾವ ಪದ್ಧತಿಯೂ ಒಂದು ಕಾಲದಲ್ಲಿ ಹೊಸದೇ ಅಲ್ಲವೇ ಎಂದು ಪ್ರತಿವಾದಿಸಿದನು. ಅಕ್ಬರನು ಒಂದೆರಡು ಬಾರಿ ಸೇದಿ ನೋಡಿದನೇ ಹೊರತು ಅಭ್ಯಾಸ ಮಾಡಿಕೊಳ್ಳಲಿಲ್ಲ. ಎರಡನೆಯ ಸಂಗತಿಯು ವ್ಯಾಪಾರಿ ಸಮುದಾಯಗಳಿಗೆ ಇನ್ನೂ ಹತ್ತಿರದ್ದು. ಅಸದ್ ಬೇಗನು ಅಮೀರರಿಗೆಲ್ಲ ಸ್ವಲ್ಪ ಸ್ವಲ್ಪ ಹಂಚಿದನು, ಅವರೆಲ್ಲ ಮತ್ತೆ ಬೇಕೆಂದರು, ಆಮೇಲೆ ವರ್ತಕರು ಅದನ್ನು ಮಾರತೊಡಗಿದರು, ಅಲ್ಲಿಂದ ಚಟವು ಶೀಘ್ರವಾಗಿ ಹರಡಿತು. ಬಾದಶಹನು ಒಪ್ಪದಿದ್ದರೂ ಹರಡಿತು. ಉಚಿತವಾಗಿ ಕೊಟ್ಟ ಮಾದರಿ, ಅದರಿಂದ ಹುಟ್ಟಿದ ಬೇಡಿಕೆ, ಬೇಡಿಕೆಯ ಬೆನ್ನಿಗೆ ತೆರೆದ ಅಂಗಡಿ: ಇಂದಿನ ವಿತರಕನಿಗೆ ಪರಿಚಿತವಾದ ಕ್ರಮವೇ ಅಂದೂ ನಡೆಯಿತು.

ಹನ್ನೆರಡು ಹದಿಮೂರು ವರ್ಷಗಳು ಕಳೆಯುವಷ್ಟರಲ್ಲಿ ನಿಷೇಧವೂ ಬಂದಿತು. ಅನೇಕರ ದೇಹಪ್ರಕೃತಿಗೂ ಮನಸ್ಸಿಗೂ ತಂಬಾಕು ಕೆಡುಕನ್ನುಂಟುಮಾಡಿರುವುದರಿಂದ ಯಾರೂ ಅದನ್ನು ಸೇವಿಸಕೂಡದೆಂದು ಜಹಾಂಗೀರನು 1617ರಲ್ಲಿ ಆಜ್ಞೆ ಹೊರಡಿಸಿದನು. ಪಾರಸೀಕ ದೇಶದ ಶಾ ಅಬ್ಬಾಸನೂ ಇಂತಹ ಆಜ್ಞೆ ಮಾಡಿದ್ದನ್ನು ಅವನು ತನ್ನ ಆತ್ಮಕಥೆಯಲ್ಲಿ ಸ್ಮರಿಸುತ್ತಾನೆ. ವಿನೋದವೆಂದರೆ, ಜಹಾಂಗೀರನು ಶಾ ಅಬ್ಬಾಸನ ಬಳಿಗೆ ಕಳುಹಿಸಿದ್ದ ರಾಯಭಾರಿ ಖಾನ್ ಆಲಂನೇ ತಂಬಾಕಿಲ್ಲದೆ ಒಂದು ಗಳಿಗೆಯೂ ಇರಲಾರದವನಾಗಿದ್ದು, ಶಾ ಅವನಿಗೆ ವಿಶೇಷ ವಿನಾಯಿತಿ ಕೊಡಬೇಕಾಯಿತು. ಆ ರಾಜಾಜ್ಞೆಯು ಸೇವಿಸುವವನನ್ನು ಉದ್ದೇಶಿಸಿದ್ದಿತು. ಹೊಲವೂ ಅಂಗಡಿಯೂ ತಮ್ಮ ಪಾಡಿಗೆ ಬೆಳೆದವು. 17ನೆಯ ಶತಮಾನ ಮುಗಿಯುವುದರೊಳಗೆ ತಂಬಾಕು ಈ ದೇಶದ ಬೆಳೆಯಾಗಿ, ತೆರಿಗೆಯ ಬಾಬತ್ತಾಗಿ ನೆಲೆಯೂರಿತು.

ಕನ್ನಡ ನಾಡಿನಲ್ಲಿ ತಾಂಬೂಲದ ಸಂಪ್ರದಾಯ ತಂಬಾಕಿಗಿಂತ ಬಹಳ ಹಳೆಯದು. ಎಲೆ, ಅಡಿಕೆ, ಸುಣ್ಣ, ಲವಂಗ, ಏಲಕ್ಕಿ, ಪಚ್ಚಕರ್ಪೂರಗಳ ಈ ಸಂಯೋಗವು ಮಂಗಳಕಾರ್ಯದ ಗೌರವವಾಗಿತ್ತು. ಜೈನ ಮನೆಗಳಲ್ಲಿ ಅಷ್ಟಮಿ ಚತುರ್ದಶಿಗಳಂದು ಹಸಿರೆಲೆಯನ್ನು ತ್ಯಜಿಸುವವರು, ವ್ರತ ಹಿಡಿದು ತಾಂಬೂಲವನ್ನೇ ಬಿಟ್ಟವರು ಇದ್ದರು. ತಾಂಬೂಲ ಬಾಯಲ್ಲಿಟ್ಟುಕೊಂಡು ಬಸದಿಯ ಹೊಸ್ತಿಲು ದಾಟುವ ಮಾತಂತೂ ಇರಲಿಲ್ಲ. ಕರೆಯದ ಅತಿಥಿಯಂತೆ ಹೊಗೆಸೊಪ್ಪಿನ ಚೂರು ಈ ತಾಂಬೂಲದೊಳಗೆ ಸೇರಿಕೊಂಡಿತು. ಆದರೂ ಹೊಗೆಸೊಪ್ಪು ಹಾಕಿಕೊಳ್ಳುವವರಿಗೆ ಅದರ ಖಾರ, ಕಹಿ, ತಲೆಸುತ್ತು ಇವೇ ಒಂದು ಅಡ್ಡಗೋಡೆಯಾಗಿದ್ದವು. ಮಕ್ಕಳು ಒಮ್ಮೆ ಕದ್ದು ಹಾಕಿಕೊಂಡರೆ ವಾಂತಿ ಮಾಡಿ ಮತ್ತೆ ಅದರ ಗೊಡವೆಗೆ ಹೋಗುತ್ತಿರಲಿಲ್ಲ. ಪ್ರಕೃತಿಯೇ ಕಟ್ಟಿದ ಗೋಡೆ ಅದು.

ಆ ಗೋಡೆಯನ್ನು ಒಡೆದದ್ದು ಗುಟ್ಕಾ. ಅಡಿಕೆ, ಕಾಚು, ಸುಣ್ಣ, ತಂಬಾಕುಗಳನ್ನು ಪುಡಿ ಮಾಡಿ, ಏಲಕ್ಕಿಯ ಪರಿಮಳ, ಮೆಂಥಾಲಿನ ತಂಪು, ಗುಲಾಬಿ ಕೇದಗೆಗಳ ಅತ್ತರಿನ ವಾಸನೆ ಬೆರೆಸಿ, ಬೆರಳಗಲದ ಪ್ಲಾಸ್ಟಿಕ್ ಪೊಟ್ಟಣದಲ್ಲಿ ತುಂಬಿದ ಈ ಸರಕು 1980ರ ದಶಕದಿಂದೀಚೆಗೆ ದೇಶದ ಗೂಡಂಗಡಿಗಳಲ್ಲೆಲ್ಲ ತೋರಣದಂತೆ ತೂಗಾಡತೊಡಗಿತು. ಎಲೆಯನ್ನು ತೊಳೆದು ಸುಣ್ಣ ಸವರುವ ತಾಳ್ಮೆ ಬೇಡ, ಬೀಡಿಯಂತೆ ಹೊಗೆ ಬಂದು ಹಿರಿಯರಿಗೆ ತಿಳಿಯುವ ಭಯವಿಲ್ಲ, ಬೆಲೆಯೋ ಒಂದು ಎರಡು ರೂಪಾಯಿ. ಮಕ್ಕಳ ಮಿಠಾಯಿಯ ಡಬ್ಬಿಯ ಪಕ್ಕದಲ್ಲಿಯೇ ಅದರ ಸರ ನೇತಾಡುತ್ತಿತ್ತು. ವ್ಯಾಪಾರದ ದೃಷ್ಟಿಯಿಂದ ನೋಡಿದರೆ, ಇಲ್ಲಿ ಮಾರಾಟವಾದದ್ದು ತಂಬಾಕಿಗಿಂತ ಮಿಗಿಲಾಗಿ ಸುವಾಸನೆ. ಕಟ್ಟಿಹಾಕಿದ್ದು ಮಾತ್ರ ತಂಬಾಕು. ವಿಷವನ್ನು ಜೇನಿನಲ್ಲಿ ಅದ್ದಿ ಕೊಡುವ ಕಥೆ ಪುರಾಣಗಳಲ್ಲಿ ಬಂದಾಗ ಕೊಟ್ಟವನನ್ನು ಯಾರೂ ವರ್ತಕನೆಂದು ಕರೆಯುವುದಿಲ್ಲ.

ಪರಿಣಾಮವು ಆಸ್ಪತ್ರೆಗಳಲ್ಲಿ ಕಾಣಿಸಿಕೊಂಡಿತು. ಬಾಯಿಯ ಒಳಚರ್ಮ ಬಿಗಿದು, ಎರಡು ಬೆರಳೂ ತೂರದಷ್ಟು ಬಾಯಿ ಕಿರಿದಾಗುವ ವ್ಯಾಧಿ ತರುಣರಲ್ಲಿ ಕಾಣತೊಡಗಿತು. ಅದರ ಮುಂದಿನ ಹಂತ ಅರ್ಬುದ. ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ಮಂಡಳಿಯು ತಂಬಾಕು ಸೇರಿದ ತಾಂಬೂಲವನ್ನು 1985ರಲ್ಲಿಯೂ, ತಂಬಾಕಿಲ್ಲದ ಅಡಿಕೆಯನ್ನು ಸಹ 2004ರಲ್ಲಿಯೂ ಅರ್ಬುದಕಾರಕವೆಂದು ವರ್ಗೀಕರಿಸಿತು. ಎರಡನೆಯ ನಿರ್ಣಯವು ಮಲೆನಾಡಿಗೂ ಕರಾವಳಿಗೂ ನುಂಗಲಾರದ ತುತ್ತಾಗಿ ಉಳಿದಿದೆ.

ಆಧುನಿಕ ಭಾರತದಲ್ಲಿ ಗುಟ್ಕಾ ನಿಷೇಧವು ಕೇಂದ್ರದಿಂದ ಆರಂಭವಾಗಲಿಲ್ಲ. ಬಿಡಿಬಿಡಿಯಾಗಿ ರಾಜ್ಯಗಳಿಂದ ಆರಂಭವಾಯಿತು. ತಮಿಳುನಾಡು 2001ರಲ್ಲಿ, ಮಹಾರಾಷ್ಟ್ರ 2002ರಲ್ಲಿ ಆಹಾರ ಕಲಬೆರಕೆ ತಡೆ ಕಾನೂನಿನ ಅಡಿಯಲ್ಲಿ ಗುಟ್ಕಾವನ್ನು ನಿಷೇಧಿಸಿದವು. ತಯಾರಕರು ನ್ಯಾಯಾಲಯಕ್ಕೆ ಹೋದರು. 2004ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆಜ್ಞೆಗಳನ್ನು ರದ್ದುಪಡಿಸಿತು. ಸ್ಥಳೀಯ ಆರೋಗ್ಯಾಧಿಕಾರಿಗೆ ಆ ಕಾನೂನು ಕೊಟ್ಟಿರುವುದು ತಾತ್ಕಾಲಿಕ ಸಂಕಟವನ್ನು ಎದುರಿಸುವ ಅಧಿಕಾರವೇ ಹೊರತು ಒಂದು ಸರಕನ್ನು ವರ್ಷಗಟ್ಟಲೆ ಮಾರುಕಟ್ಟೆಯಿಂದ ಹೊರಗಿಡುವ ಅಧಿಕಾರವಲ್ಲ ಎಂಬುದು ತೀರ್ಪಿನ ತಿರುಳು. ಈ ನಡುವೆ 2003ರಲ್ಲಿ ಸಿಗರೇಟು ಮತ್ತಿತರ ತಂಬಾಕು ಉತ್ಪನ್ನಗಳ ಕಾನೂನು ಬಂದು, ಹದಿನೆಂಟು ವರ್ಷದೊಳಗಿನವರಿಗೆ ಹಾಗೂ ವಿದ್ಯಾಸಂಸ್ಥೆಗಳಿಂದ ನೂರು ಗಜದ ಒಳಗೆ ತಂಬಾಕು ಮಾರುವುದನ್ನು ನಿಷೇಧಿಸಿತ್ತು. ಆ ನೂರು ಗಜವನ್ನು ಅಳೆದವರು ಕಡಿಮೆ.

2011ರ ಆಗಸ್ಟ್‌ನಲ್ಲಿ ಮಾರ್ಗ ಮತ್ತೆ ತೆರೆಯಿತು. ಹೊಸ ಆಹಾರ ಸುರಕ್ಷತಾ ಕಾನೂನಿನ ಅಡಿಯಲ್ಲಿ ಬಂದ ನಿಯಮಗಳಲ್ಲಿ, ಯಾವುದೇ ಆಹಾರ ಪದಾರ್ಥದಲ್ಲಿ ತಂಬಾಕು ಅಥವಾ ನಿಕೋಟಿನ್ ಇರಕೂಡದೆಂಬ ಒಂದು ಸಾಲು ಇದ್ದಿತು. ಗುಟ್ಕಾವು ಆಹಾರವಾದರೆ ತಂಬಾಕು ಬೆರೆಸುವಂತಿಲ್ಲ. ಈ ಒಂದು ಸಾಲನ್ನು ಹಿಡಿದು ಮಧ್ಯಪ್ರದೇಶವು 2012ರ ಏಪ್ರಿಲ್ 1ರಿಂದ ಗುಟ್ಕಾವನ್ನು ನಿಷೇಧಿಸಿತು. ಕೇರಳ, ಬಿಹಾರ, ಮಹಾರಾಷ್ಟ್ರಗಳು ಅದೇ ವರ್ಷ ಹಿಂಬಾಲಿಸಿದವು. ಕರ್ನಾಟಕದಲ್ಲಿ 2013ರ ಮೇ ತಿಂಗಳ ಕೊನೆಯಲ್ಲಿ, ವಿಶ್ವ ತಂಬಾಕು ರಹಿತ ದಿನದ ಹೊಸ್ತಿಲಿನಲ್ಲಿ, ಆಜ್ಞೆ ಹೊರಟಿತು. ಶಿವಮೊಗ್ಗ, ಉತ್ತರ ಕನ್ನಡ, ದಕ್ಷಿಣ ಕನ್ನಡಗಳ ಅಡಿಕೆ ಬೆಳೆಗಾರರು ಬೆಲೆ ಕುಸಿಯುವ ಭಯದಿಂದ ತಲ್ಲಣಿಸಿದರು. ಅವರ ಭಯವನ್ನು ಹಗುರವಾಗಿ ಕಾಣುವುದು ನ್ಯಾಯವಲ್ಲ. ಒಂದು ತೋಟವು ಫಲ ಕೊಡಲು ವರ್ಷಗಳು ಬೇಕು, ಆಜ್ಞೆಗೆ ಒಂದು ಹಗಲು ಸಾಕು.

ಈ ನಿಷೇಧದಲ್ಲಿ ಇನ್ನೊಂದು ವಿಲಕ್ಷಣವಿದೆ. ಆಹಾರ ಸುರಕ್ಷತಾ ಆಯುಕ್ತರ ಆಜ್ಞೆಯು ಒಂದು ವರ್ಷವನ್ನು ಮೀರುವಂತಿಲ್ಲವಾದ್ದರಿಂದ ಅನೇಕ ರಾಜ್ಯಗಳು ವರ್ಷ ವರ್ಷವೂ ಅದನ್ನು ಮತ್ತೆ ಹೊರಡಿಸುತ್ತ ಬಂದವು. ವರ್ಷಕ್ಕೊಮ್ಮೆ ನವೀಕರಿಸುವ ಪರವಾನಗಿಯನ್ನು ವ್ಯಾಪಾರಿಗಳು ಬಲ್ಲರು. ವರ್ಷಕ್ಕೊಮ್ಮೆ ನವೀಕರಿಸುವ ನಿಷೇಧವು ಹೊಸದು. 2022ರಲ್ಲಿ ದೆಹಲಿಯ ಹಾಗೂ 2023ರ ಆರಂಭದಲ್ಲಿ ಮದರಾಸಿನ ಉಚ್ಚ ನ್ಯಾಯಾಲಯಗಳು ಹೀಗೆ ಪುನಃ ಪುನಃ ಹೊರಡಿಸಿದ ಆಜ್ಞೆಗಳನ್ನು ತಳ್ಳಿಹಾಕಿದವು. ಮರು ವಿಚಾರಣೆಯಲ್ಲಿ ದೆಹಲಿಯ ಆಜ್ಞೆ ಮತ್ತೆ ಊರ್ಜಿತವಾಯಿತು; ಮದರಾಸಿನ ತೀರ್ಪಿಗೆ 2023ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ತಡೆ ನೀಡಿತು.

ನ್ಯಾಯಾಲಯಕ್ಕಿಂತ ಸುಲಭವಾದ ದಾರಿಯನ್ನು ಮಾರುಕಟ್ಟೆ ಅಷ್ಟರಲ್ಲಿಯೇ ಕಂಡುಕೊಂಡಿತ್ತು. ಗುಟ್ಕಾದಲ್ಲಿ ತಂಬಾಕು ಬೆರೆಸಬಾರದಷ್ಟೆ? ಬೆರೆಸುವುದಿಲ್ಲ. ಒಂದು ಪೊಟ್ಟಣದಲ್ಲಿ ಪರಿಮಳಯುಕ್ತ ಪಾನ್ ಮಸಾಲೆ, ಇನ್ನೊಂದು ಚಿಕ್ಕ ಪೊಟ್ಟಣದಲ್ಲಿ ಸುವಾಸಿತ ಜಗಿಯುವ ತಂಬಾಕು. ಎರಡನ್ನೂ ಜೋಡಿಯಾಗಿ ಕೊಡುವುದು, ಅಂಗೈಯಲ್ಲಿ ಬೆರೆಸಿಕೊಳ್ಳುವ ಕೆಲಸ ಗಿರಾಕಿಯದು. ಒಂದರ ಮೇಲೆ ತಂಬಾಕಿಲ್ಲವೆಂಬ ಬರಹ, ಇನ್ನೊಂದರ ಮೇಲೆ ಕಾನೂನು ವಿಧಿಸಿದ ಭಯಾನಕ ಚಿತ್ರ. ಎರಡೂ ಸತ್ಯ, ಕೂಡಿಸಿದರೆ ಮೋಸ. 2016ರ ಸೆಪ್ಟೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಗಮನಿಸಿ, ನಿಷೇಧವನ್ನು ಕಟ್ಟುನಿಟ್ಟಾಗಿ ಪಾಲಿಸುವಂತೆ ರಾಜ್ಯಗಳಿಗೆ ಸೂಚಿಸಬೇಕಾಯಿತು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವನ್ನೂ ಪ್ರತಿರೂಪಕ ವ್ಯವಹಾರವನ್ನೂ, ಅಂದರೆ ರಾಜನಿಯಮವನ್ನು ಮೀರಿದ ವ್ಯವಹಾರವನ್ನೂ ಒಂದರ ರೂಪದಲ್ಲಿ ಇನ್ನೊಂದನ್ನು ಮಾರುವುದನ್ನೂ, ತತ್ತ್ವಾರ್ಥಸೂತ್ರವು ಒಂದೇ ಸೂತ್ರದಲ್ಲಿ ಹೇಳಿದೆ. ಜೋಡಿ ಪೊಟ್ಟಣವು ಈ ಎರಡರ ನಡುವೆ ಎಲ್ಲಿ ನಿಲ್ಲುತ್ತದೆಂಬುದನ್ನು ಪ್ರತಿಯೊಬ್ಬ ಸಗಟು ವ್ಯಾಪಾರಿಯೂ ಮನಸ್ಸಿನಲ್ಲಿ ಬಲ್ಲನು.

ಹಾಗಾದರೆ ನಿಷೇಧ ವ್ಯರ್ಥವಾಯಿತೇ? ಸಂಪೂರ್ಣವಾಗಿ ಅಲ್ಲ. ದೇಶಾದ್ಯಂತ ನಡೆದ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ 2009–10ರಲ್ಲಿ ನೂರಕ್ಕೆ 34.6 ಮಂದಿ ವಯಸ್ಕರು ಯಾವುದಾದರೊಂದು ರೂಪದಲ್ಲಿ ತಂಬಾಕು ಸೇವಿಸುತ್ತಿದ್ದರೆ, 2016–17ರಲ್ಲಿ ಆ ಸಂಖ್ಯೆ 28.6ಕ್ಕೆ ಇಳಿದಿತ್ತು. ಇಳಿಕೆಗೆ ನಿಷೇಧವೊಂದೇ ಕಾರಣವೆನ್ನಲಾಗದು; ಎಚ್ಚರಿಕೆಯ ಚಿತ್ರಗಳು, ತೆರಿಗೆ, ಪ್ರಚಾರ ಎಲ್ಲವೂ ಸೇರಿವೆ. ಆದರೂ ಮಿಠಾಯಿ ಡಬ್ಬಿಯ ಪಕ್ಕದ ತೋರಣ ಕೆಳಗಿಳಿದು ಗಲ್ಲಾಪೆಟ್ಟಿಗೆಯ ಕೆಳಗೆ ಅವಿತುಕೊಂಡದ್ದೇ ಒಂದು ಲಾಭ.

ಸುವಾಸನೆಯನ್ನೇ ಗುರಿಯಾಗಿಸಿಕೊಂಡ ನಿಷೇಧಗಳ ಇತಿಹಾಸ ಅಮೆರಿಕದ ನಗರಗಳಲ್ಲಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿನ ಒಕ್ಕೂಟ ಸರ್ಕಾರವು 2009ರಲ್ಲಿ ಸಿಗರೇಟಿಗೆ ಹಣ್ಣು, ಮಿಠಾಯಿ, ಲವಂಗಗಳ ರುಚಿ ಬೆರೆಸುವುದನ್ನು ನಿಷೇಧಿಸಿತು; ಮೆಂಥಾಲನ್ನು ಮಾತ್ರ ಬಿಟ್ಟಿತು. ಕೂಡಲೇ ಲವಂಗದ ಸಿಗರೇಟು ಕಾಗದವನ್ನು ಬಿಟ್ಟು ತಂಬಾಕಿನ ಹೊದಿಕೆ ತೊಟ್ಟು ‘ಚುಟ್ಟಾ’ ಎಂಬ ಹೆಸರಿನಲ್ಲಿ ಅಂಗಡಿಗೆ ಮರಳಿತು, ಏಕೆಂದರೆ ಚುಟ್ಟಾಗಳು ಪಟ್ಟಿಯಲ್ಲಿರಲಿಲ್ಲ. ಆಗ ನಗರಸಭೆಗಳು ತಾವೇ ಮುಂದಾದವು. ನ್ಯೂಯಾರ್ಕ್ ನಗರ 2009ರಲ್ಲಿ, ಪ್ರಾವಿಡೆನ್ಸ್ 2012ರಲ್ಲಿ ರುಚಿ ಬೆರೆಸಿದ ಇತರ ತಂಬಾಕು ಸರಕುಗಳ ಮಾರಾಟಕ್ಕೆ ತಡೆ ಹಾಕಿದವು. ಎರಡನ್ನೂ ಮೇಲ್ಮನವಿ ನ್ಯಾಯಾಲಯಗಳು 2013ರಲ್ಲಿ ಎತ್ತಿಹಿಡಿದವು. ಸ್ಯಾನ್ ಫ್ರಾನ್ಸಿಸ್ಕೋ ನಗರವು 2017ರಲ್ಲಿ ಮೆಂಥಾಲನ್ನೂ ಇ-ಸಿಗರೇಟಿನ ರುಚಿದ್ರವಗಳನ್ನೂ ಸೇರಿಸಿ ನಿಷೇಧ ಮಾಡಿದಾಗ ಒಂದು ದೊಡ್ಡ ತಂಬಾಕು ಕಂಪನಿಯು ಕೋಟಿಗಟ್ಟಲೆ ಹಣ ಸುರಿದು ಅದನ್ನು ಜನಮತಕ್ಕೆ ಒಯ್ದಿತು. 2018ರ ಜೂನ್‌ನಲ್ಲಿ ಮತ ಹಾಕಿದವರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚಿನವರು ನಿಷೇಧದ ಪರವಾಗಿ ನಿಂತರು. ಕ್ಯಾಲಿಫೋರ್ನಿಯಾ ರಾಜ್ಯವಿಡೀ 2022ರ ಕೊನೆಯಲ್ಲಿ ಅದೇ ದಾರಿ ಹಿಡಿಯಿತು. ಅಲ್ಲಿಯೂ ಕೆಲವೇ ದಿನಗಳಲ್ಲಿ ಮೆಂಥಾಲಿನ ವಾಸನೆಯಿಲ್ಲದೆ ಅದರ ತಂಪನ್ನು ಮಾತ್ರ ಕೊಡುವ ಕೃತಕ ರಾಸಾಯನಿಕದ ಸಿಗರೇಟುಗಳು ಬಂದವು. ‘ತಂಪಿನ ಅನುಭವ’ವೂ ರುಚಿಯೇ ಎಂದು 2024ರಲ್ಲಿ ಮತ್ತೊಂದು ಕಾನೂನು ಬರೆಯಬೇಕಾಯಿತು. ಸಮುದ್ರದಾಚೆಗೂ ಜೋಡಿ ಪೊಟ್ಟಣದ ಬುದ್ಧಿ ಒಂದೇ.

ಇ-ಸಿಗರೇಟು ಅಥವಾ ವೇಪ್ ಎಂಬ ಉಪಕರಣದಲ್ಲಿ ಸೊಪ್ಪೂ ಇಲ್ಲ, ಬೆಂಕಿಯೂ ಇಲ್ಲ. ನಿಕೋಟಿನ್ ಕರಗಿಸಿದ ದ್ರವವನ್ನು ವಿದ್ಯುತ್ತಿನಿಂದ ಕಾಯಿಸಿ ಆವಿಯನ್ನು ಸೇದುವುದು ಅದರ ಕ್ರಮ. ಚೀನಾದ ಔಷಧತಜ್ಞ ಹೊನ್ ಲಿಕ್ 2003ರಲ್ಲಿ ರೂಪಿಸಿದ್ದು. ಸಿಗರೇಟು ಬಿಡಬಯಸುವ ವಯಸ್ಕರಿಗೆ ಸಹಾಯಕವೆಂದು ಹೊರಟ ಈ ಸಾಧನವು ಮಾವು, ಪುದೀನ, ಕೆನೆಯ ರುಚಿಗಳನ್ನು ತೊಟ್ಟು ಶಾಲಾಮಕ್ಕಳ ಚೀಲ ಸೇರಿತು. 2018ರಲ್ಲಿ ಅಮೆರಿಕದ ಪ್ರೌಢಶಾಲಾ ವಿದ್ಯಾರ್ಥಿಗಳಲ್ಲಿ ಐವರಲ್ಲಿ ಒಬ್ಬರು ಅದನ್ನು ಬಳಸುತ್ತಿದ್ದರೆಂದು ಅಲ್ಲಿನ ಸರ್ಕಾರದ ಸಮೀಕ್ಷೆ ತಿಳಿಸಿತು.

ಕರ್ನಾಟಕವು ಈ ವಿಷಯದಲ್ಲಿ ಕೇಂದ್ರಕ್ಕಾಗಿ ಕಾಯಲಿಲ್ಲ. 2016ರ ಜೂನ್‌ನಲ್ಲಿಯೇ ರಾಜ್ಯ ಸರ್ಕಾರವು ಇ-ಸಿಗರೇಟಿನ ಮಾರಾಟವನ್ನು ನಿಷೇಧಿಸಿತು. 2019ರಲ್ಲಿ ನಿಕೋಟಿನ್ ಅನ್ನು ವಿಷ ನಿಯಮಗಳ ಅಡಿಯಲ್ಲಿ ‘ಎ’ ವರ್ಗದ ವಿಷವೆಂದು ಅಧಿಸೂಚಿಸಿತು. ಆಶಾಧರರ ವಿಷವಾಣಿಜ್ಯ ಎಂಬ ಶಬ್ದವು ಹೀಗೆ ಏಳುನೂರು ವರ್ಷಗಳ ನಂತರ ರಾಜ್ಯಪತ್ರದ ಭಾಷೆಯನ್ನು ಸಂಧಿಸಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕೇಂದ್ರದ ಸುಗ್ರೀವಾಜ್ಞೆ, ಡಿಸೆಂಬರ್‌ನಲ್ಲಿ ಸಂಸತ್ತಿನ ಕಾನೂನು ಬಂದವು. ತಯಾರಿಕೆ, ಆಮದು, ಮಾರಾಟ, ಜಾಹೀರಾತುಗಳಿಗೆ ಮೊದಲ ಅಪರಾಧಕ್ಕೆ ಒಂದು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡೂ; ದಾಸ್ತಾನಿಗೆ ಆರು ತಿಂಗಳವರೆಗೆ ಸೆರೆ ಅಥವಾ ಐವತ್ತು ಸಾವಿರದವರೆಗೆ ದಂಡ ಅಥವಾ ಎರಡೂ. ಸೇದುವವನಿಗೆ ಈ ಕಾನೂನಿನಲ್ಲಿ ಶಿಕ್ಷೆಯಿಲ್ಲ. ಜಹಾಂಗೀರನ ಆಜ್ಞೆಗೂ ಇದಕ್ಕೂ ಇರುವ ದೊಡ್ಡ ಅಂತರ ಇದೇ: ರಾಜನು ಬಾಯಿಯನ್ನು ನೋಡಿದನು, ಈ ಕಾನೂನು ಗಲ್ಲಾಪೆಟ್ಟಿಗೆಯನ್ನು ನೋಡಿತು.

ಈ ಕಾನೂನಿನ ವಿರೋಧಿಗಳ ಒಂದು ಪ್ರಶ್ನೆಗೆ ಮಾತ್ರ ಇನ್ನೂ ಸಮರ್ಪಕ ಉತ್ತರ ಸಿಕ್ಕಿಲ್ಲ. ಆವಿಯನ್ನು ನಿಷೇಧಿಸಿ ಹೊಗೆಯನ್ನು ಉಳಿಸಿದ್ದೇಕೆ? ಹುಣಸೂರು, ಪಿರಿಯಾಪಟ್ಟಣಗಳ ರೈತರು ಬೆಳೆದ ಸಿಗರೇಟು ತಂಬಾಕನ್ನು ಸರ್ಕಾರದ್ದೇ ಆದ ತಂಬಾಕು ಮಂಡಳಿಯು ಹರಾಜು ಕಟ್ಟೆಯಲ್ಲಿ ಮಾರಿಸುತ್ತದೆ. ನಿಪ್ಪಾಣಿಯ ಸುತ್ತ ಬೀಡಿ ತಂಬಾಕು ಬೆಳೆಯುತ್ತದೆ. ಇ-ಸಿಗರೇಟಿಗೆ ಈ ದೇಶದಲ್ಲಿ ಹೊಲವಿರಲಿಲ್ಲ, ರೈತನಿರಲಿಲ್ಲ, ಹಳೆಯ ಕಂದಾಯವಿರಲಿಲ್ಲ. ಆದ್ದರಿಂದ ಅದನ್ನು ನಿಷೇಧಿಸುವುದು ಸುಲಭವಾಯಿತು. ಸುಲಭವಾದದ್ದೂ ಒಳ್ಳೆಯದೇ. ಆದರೆ ಸುಲಭವಾದದ್ದನ್ನು ಮಾಡಿ ಅದೇ ಸಂಪೂರ್ಣ ಧರ್ಮವೆಂದು ಬೀಗುವುದು ಸಲ್ಲದು.

2024ರ ಫೆಬ್ರವರಿಯಲ್ಲಿ ಕರ್ನಾಟಕವು ಹುಕ್ಕಾವನ್ನು ನಿಷೇಧಿಸಿತು. ಸೇಬು, ದ್ರಾಕ್ಷಿ, ಪುದೀನಗಳ ರುಚಿಯಲ್ಲಿ ಬೆಂಗಳೂರಿನ ಉಪಾಹಾರ ಗೃಹಗಳಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಒದಗಿಸಲಾಗುತ್ತಿದ್ದ ಸರಕದು. ಅದೇ ಏಪ್ರಿಲ್‌ನಲ್ಲಿ ಉಚ್ಚ ನ್ಯಾಯಾಲಯವು ಆಜ್ಞೆಯನ್ನು ಎತ್ತಿಹಿಡಿಯಿತು. ವಿಧಾನಮಂಡಲವು ಅಂಗೀಕರಿಸಿದ ತಿದ್ದುಪಡಿ ಕಾನೂನಿಗೆ ರಾಷ್ಟ್ರಪತಿಗಳ ಅಂಕಿತ ದೊರೆತು, ಅದು 2025ರ ಮೇ ತಿಂಗಳಲ್ಲಿ ಪ್ರಕಟವಾಯಿತು. ಇದರ ಪ್ರಕಾರ ತಂಬಾಕು ಕೊಳ್ಳುವ ಕನಿಷ್ಠ ವಯಸ್ಸು ಇಪ್ಪತ್ತೊಂದು; ಬಿಡಿ ಸಿಗರೇಟು ಮಾರುವಂತಿಲ್ಲ; ಹುಕ್ಕಾ ಮಳಿಗೆ ನಡೆಸಿದವನಿಗೆ ಒಂದರಿಂದ ಮೂರು ವರ್ಷ ಸೆರೆ. ಹತ್ತು ರೂಪಾಯಿ ಹಿಡಿದು ಒಂದೇ ಒಂದು ಸಿಗರೇಟು ಕೇಳುವ ಹುಡುಗನಿಗೆ ಇಲ್ಲವೆನ್ನಬೇಕಾದವನು ಪೊಲೀಸಿನವನಲ್ಲ, ಅಂಗಡಿಯವನು.

ಇಲ್ಲಿಗೆ ಪ್ರಶ್ನೆಯು ಮತ್ತೆ ಶ್ರಾವಕನ ಅಂಗಡಿಗೆ ಬರುತ್ತದೆ. ಸಮಾಜದಲ್ಲಿ ತಂಬಾಕು ತಿನ್ನದ, ಸೇದದ ಮನೆಗಳು ಬಹಳ. ಆದರೆ ಕಿರಾಣಿ ಅಂಗಡಿ, ಬೀಡಾ ಅಂಗಡಿಗಳಿಗೆ ಸರಬರಾಜು, ಸಗಟು ಏಜೆನ್ಸಿ, ಗೋದಾಮುಗಳ ಮೂಲಕ ಈ ಸರಕಿನೊಡನೆ ಸಂಬಂಧವುಳ್ಳ ಮನೆಗಳೂ ಇವೆಯೆಂಬುದನ್ನು ಮುಚ್ಚಿಡಬೇಕಾದ್ದಿಲ್ಲ. ‘ನಾವು ಮುಟ್ಟುವುದಿಲ್ಲ, ಮಾರುತ್ತೇವೆ ಅಷ್ಟೆ’ ಎಂಬ ಸಮಾಧಾನವು ಅಲ್ಲಿ ಕೇಳಿಬರುತ್ತದೆ. ಕೃತ, ಕಾರಿತ, ಅನುಮೋದನೆಗಳೆಂಬ ಮೂರು ದ್ವಾರಗಳಿಂದಲೂ ಆಸ್ರವವಿದೆಯೆಂದು ಬಾಲಬೋಧೆಯಲ್ಲಿಯೇ ಕಲಿತ ಸಮಾಜಕ್ಕೆ ಈ ಸಮಾಧಾನ ಹೊಂದುವುದಿಲ್ಲ. ಸಮಂತಭದ್ರಾಚಾರ್ಯರು ‘ರತ್ನಕರಂಡಕ’ದಲ್ಲಿ ಅನರ್ಥದಂಡದ ಭೇದವಾಗಿ ಹಿಂಸಾದಾನವನ್ನು ಹೇಳಿದ್ದಾರೆ. ಗಂಗರ ಕಾಲದ ಕನ್ನಡ ನಾಡಿನವರಾದ ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ಅದನ್ನು ವಿವರಿಸುತ್ತ ಹಿಂಸೆಯ ಸಾಧನಗಳ ಸಾಲಿನಲ್ಲಿ ಮೊಟ್ಟಮೊದಲು ಎಣಿಸಿದ್ದೇ ವಿಷವನ್ನು. ಅಲ್ಲಿ ದೋಷವನ್ನು ಹೊರಿಸಿರುವುದು ಕೊಡುವ ಕೈಯ ಮೇಲೆ. ಬಳಸುವವನ ದೋಷ ಬೇರೆ, ಅದರ ಲೆಕ್ಕ ಬೇರೆ.

‘ನಾನು ಬಿಟ್ಟರೆ ಪಕ್ಕದವನು ಮಾರುತ್ತಾನೆ’ ಎಂಬುದು ಇನ್ನೊಂದು ವಾದ. ನಿಜ, ಮಾರುತ್ತಾನೆ. ಪಕ್ಕದವನ ಕರ್ಮವು ಪಕ್ಕದವನ ಖಾತೆಗೆ ಖರ್ಚಾಗುತ್ತದೆ; ಜಮಾ–ಖರ್ಚು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮೂರನೆಯ ವಾದವು ಜೀವನೋಪಾಯದ್ದು, ಅದನ್ನು ಮಾತ್ರ ಗಂಭೀರವಾಗಿ ಪರಿಶೀಲಿಸಬೇಕು. ಗುಜರಾತಿನ ಕುಮಾರಪಾಲನು ಹೇಮಚಂದ್ರಾಚಾರ್ಯರ ಪ್ರಭಾವದಿಂದ ರಾಜ್ಯದಲ್ಲಿ ಪ್ರಾಣಿವಧೆಯನ್ನು ನಿಷೇಧಿಸಿದಾಗ, ಕಸುಬು ಕಳೆದುಕೊಂಡವರಿಗೆ ಮೂರು ವರ್ಷಗಳ ಜೀವನಕ್ಕೆ ಆಗುವಷ್ಟು ಪರಿಹಾರ ಕೊಟ್ಟನೆಂಬ ಉಲ್ಲೇಖವು ಹೇಮಚಂದ್ರರ ‘ದ್ವ್ಯಾಶ್ರಯ’ದಲ್ಲಿದೆ. ಅಹಿಂಸೆಯ ಹೆಸರಿನಲ್ಲಿ ಆಜ್ಞೆ ಮಾಡುವವನು ಆ ಆಜ್ಞೆಯ ಬೆಲೆಯನ್ನು ತಾನೂ ಹೊರಬೇಕೆಂಬ ವಿವೇಕವು ಅದರಲ್ಲಿದೆ. ಇಂದಿನ ನಿಷೇಧಗಳಲ್ಲಿ ಕಾಣದಿರುವುದು ಇದೇ ಅಂಶ. ಬೀದಿಬದಿಯ ಗೂಡಂಗಡಿಯವನಿಗೆ ತಂಬಾಕಿನ ಸರಕೇ ದಿನದ ಗಳಿಕೆಯ ಹೆಚ್ಚಿನ ಪಾಲಾಗಿರುವಾಗ, ಅವನನ್ನು ಹಿಡಿದು ದಂಡ ಹಾಕುವುದರೊಂದಿಗೆ ಕೆಲಸ ಮುಗಿಯಿತೆಂದುಕೊಳ್ಳುವ ಅಧಿಕಾರಿಯು ಆ ಸರಕು ಬಂದ ಗೋದಾಮಿನ ಬಾಗಿಲನ್ನು ತಟ್ಟುವುದು ಅಪರೂಪ.

ಬಸದಿಗಳ ಟ್ರಸ್ಟುಗಳಿಗೆ ಈ ಪರೀಕ್ಷೆ ಬಹಳ ಹತ್ತಿರದಲ್ಲಿದೆ. ಅನೇಕ ಊರುಗಳಲ್ಲಿ ಬಸದಿಯ ಆಸ್ತಿಯೆಂದರೆ ರಸ್ತೆಗೆ ಮುಖ ಮಾಡಿರುವ ನಾಲ್ಕಾರು ಮಳಿಗೆಗಳು. ಅವುಗಳ ಬಾಡಿಗೆಯಿಂದ ನಿತ್ಯದ ಅಭಿಷೇಕ, ಅರ್ಚಕರ ಸಂಬಳ, ಪರ್ವದ ಖರ್ಚು ನಡೆಯುತ್ತವೆ. ಮದ್ಯ ಮಾಂಸಗಳನ್ನು ಮಾರಕೂಡದೆಂಬ ಷರತ್ತನ್ನು ಬಾಡಿಗೆ ಕರಾರಿನಲ್ಲಿ ಬರೆಯುವ ಪದ್ಧತಿಯಿದೆ. ತಂಬಾಕಿನ ಹೆಸರನ್ನು ಬರೆಯುವುದು ಕಡಿಮೆ. ಮೂಲೆಯ ಮಳಿಗೆಯಲ್ಲಿ ಜೋಡಿ ಪೊಟ್ಟಣಗಳು ಮಾರಾಟವಾಗಿ, ಆ ಬಾಡಿಗೆಯ ಹಣದಿಂದ ಕೊಂಡ ಹಾಲು ಗರ್ಭಗೃಹಕ್ಕೆ ಹೋದರೆ, ಅದು ವಿಷವಾಣಿಜ್ಯದ ಹಣವೇ ಅಲ್ಲವೇ ಎಂದು ಮಹಾಸಭೆಯಲ್ಲಿ ಯಾರಾದರೂ ಒಬ್ಬರು ಎದ್ದು ಕೇಳಬೇಕಾಗಿದೆ.

ಷರತ್ತನ್ನು ಬರೆಯುವಾಗ ಗುಟ್ಕಾ, ಸಿಗರೇಟು, ವೇಪ್ ಎಂದು ಹೆಸರು ಹೆಸರಾಗಿ ಬರೆದರೆ ಸಾಲದು. ನಿಕೋಟಿನ್ ಇರುವ ಯಾವುದೇ ಪದಾರ್ಥ, ಅದನ್ನು ಸೇವಿಸುವ ಸಾಧನ ಹಾಗೂ ಅದರೊಂದಿಗೆ ಬೆರೆಸಿಕೊಳ್ಳಲೆಂದು ಮಾರುವ ಯಾವುದೇ ಪದಾರ್ಥ ಎಂದು ಬರೆಯುವುದು ಲೇಸು. ಈಗಾಗಲೇ ಮಳಿಗೆಯಲ್ಲಿರುವ ಬಾಡಿಗೆದಾರನಿಗೆ ಕುಮಾರಪಾಲನ ಕ್ರಮವನ್ನು ಅನುಸರಿಸಿ ಸರಕು ಬದಲಾಯಿಸಿಕೊಳ್ಳುವವರೆಗೆ ಬಾಡಿಗೆಯಲ್ಲಿ ರಿಯಾಯಿತಿ ಕೊಡಬಹುದು. ಅದರಿಂದಾಗುವ ಕೊರತೆಯನ್ನು ಟ್ರಸ್ಟಿನ ಸದಸ್ಯರು ವಂತಿಗೆಯಿಂದ ತುಂಬಬೇಕಾಗುತ್ತದೆ. ಮಹಾವೀರ ನಿರ್ವಾಣೋತ್ಸವದ ದೀಪಾವಳಿಯಂದು ಹಳೆಯ ಲೆಕ್ಕ ಮುಗಿಸಿ ಹೊಸ ಖಾತೆ ತೆರೆಯುವ ರೂಢಿಯಿರುವಲ್ಲಿ ಬಾಡಿಗೆ ಕರಾರುಗಳ ನವೀಕರಣವೂ ಅದೇ ಸುಮಾರಿಗೆ ಬರುತ್ತದೆ.